ಬಲವಾದ ಆಟಗಾರರೊಬ್ಬರು ಕಲಿಸಲೆಂದೇ ನಮ್ಮೊಂದಿಗೆ ಚದುರಂಗ ಆಡಿದರೆ ಯೋಜನೆ ಹಾಕುವುದು ಬರುತ್ತದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಪಝಲ್‌ಗಳನ್ನು ಚೆನ್ನಾಗಿ ಬಿಡಿಸುತ್ತೀರಿ, ಆನ್‌ಲೈನ್ ರೇಟಿಂಗ್ 1200ರ ಆಸುಪಾಸಿನಲ್ಲಿದೆ, ಮೊದಲ ಹತ್ತು ನಡೆಗಳು ಸರಾಗವಾಗಿ ಬರುತ್ತವೆ. ಆಮೇಲೆ ಹೊಡೆಯಲು ಏನೂ ಇಲ್ಲದ, ಅಪಾಯವೂ ಇಲ್ಲದ ಸ್ಥಿತಿ ಬಂದಾಗ ಏನು ಆಡಬೇಕೆಂದೇ ತೋಚುವುದಿಲ್ಲ. ನಿಮಗಿಂತ ಬಹಳ ಮುಂದಿರುವ ಸಹೋದ್ಯೋಗಿಯೊಬ್ಬರು ‘ಬನ್ನಿ, ಮಾತನಾಡಿಕೊಂಡೇ ಒಂದು ಆಟ ಆಡೋಣ’ ಎಂದಿದ್ದಾರೆ. ಇದರಿಂದ ಪ್ರಯೋಜನವಿದೆಯೇ, ಇದ್ದರೆ ಹೇಗೆ ಆಡಬೇಕು ಎಂದು ಕೇಳಿದ್ದೀರಿ.

ಖಂಡಿತ ಇದೆ. ನನ್ನ ಅನುಭವದಲ್ಲಿ ಇದಕ್ಕಿಂತ ಬೇಗ ಕಲಿಸುವ ದಾರಿ ಇನ್ನೊಂದಿಲ್ಲ. ಆದರೆ ಒಂದು ಷರತ್ತು: ಕಾಯಿ ಮುಟ್ಟುವ ಮೊದಲು ನೀವು ಕಾರಣವನ್ನು ಬಾಯಿಬಿಟ್ಟು ಹೇಳಬೇಕು, ಅವರು ನಡೆಯನ್ನು ತಿದ್ದದೆ ಪ್ರಶ್ನೆ ಮಾತ್ರ ಕೇಳಬೇಕು. ಇದು ತಪ್ಪಿದರೆ ಅದು ಮಾಮೂಲಿ ಆಟವಾಗುತ್ತದೆ. ನೀವು ಸೋಲುತ್ತೀರಿ, ಅವರು ಕೊನೆಯಲ್ಲಿ ನಾಲ್ಕು ಮಾತು ಹೇಳುತ್ತಾರೆ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ.

ಕಾರಣವನ್ನು ಹೇಳಲೇಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಹಿನ್ನೆಲೆ ಇದೆ. ಲೆಕ್ಕಾಚಾರದಲ್ಲಿ ತಪ್ಪಿದರೆ ಹಲಗೆಯೇ ತಕ್ಷಣ ಹೇಳಿಬಿಡುತ್ತದೆ. ಕುದುರೆ ಹೋಯಿತು, ಕಣ್ಣಿಗೆ ಕಾಣಿಸಿತು, ಮುಂದಿನ ಸಲ ಎಚ್ಚರವಾಗಿರುತ್ತೀರಿ. ಯೋಜನೆಯಲ್ಲಿ ತಪ್ಪಿದರೆ ಯಾರೂ ಹೇಳುವುದಿಲ್ಲ. ಹದಿನಾಲ್ಕನೇ ನಡೆಯಲ್ಲಿ ಒಳ್ಳೆಯ ಒಂಟೆಯನ್ನು ಕೊಟ್ಟು ನಿಷ್ಪ್ರಯೋಜಕ ಕುದುರೆಯನ್ನು ಹೊಡೆದಿರುತ್ತೀರಿ, ಆಗ ಏನೂ ಆಗುವುದಿಲ್ಲ. ಮೂವತ್ತನೇ ನಡೆಯ ಹೊತ್ತಿಗೆ ಎಲ್ಲ ಕಡೆಯಿಂದಲೂ ಒತ್ತಡ ಬಂದು, ಒಂದು ಕಾಲಾಳು ಉದುರಿದಾಗ ಅದನ್ನೇ ತಪ್ಪು ಎಂದುಕೊಳ್ಳುತ್ತೀರಿ. ಆಟ ಮುಗಿದ ಮೇಲೆ ಎಂಜಿನ್ (ನಡೆಗಳಿಗೆ ಅಂಕ ಕೊಡುವ ಕಂಪ್ಯೂಟರ್ ಪ್ರೋಗ್ರಾಮ್) ಹಾಕಿ ನೋಡಿದರೆ ಹದಿನಾಲ್ಕನೇ ನಡೆಯ ಪಕ್ಕದಲ್ಲಿ ಅಂಕಿ ಒಂದಿಷ್ಟು ಇಳಿದಿರುತ್ತದೆ, ಅಷ್ಟೇ. ಆ ಒಂಟೆಯನ್ನು ಕೊಡಬಹುದು ಎಂದು ನಿಮಗೇಕೆ ಅನ್ನಿಸಿತು ಎಂಬುದು ಎಂಜಿನ್‌ಗೆ ಗೊತ್ತಾಗುವುದಿಲ್ಲ. ತಿದ್ದಬೇಕಾದದ್ದು ಆ ‘ಏಕೆ’ಯನ್ನು. ಅದನ್ನು ಹಿಡಿಯಲು ಎದುರಿಗೆ ಕುಳಿತು ಕೇಳಿಸಿಕೊಳ್ಳುವ ಮನುಷ್ಯ ಬೇಕು.

ಇನ್ನು ಹೇಗೆ ಆಡಬೇಕೆಂಬ ಮಾತು. ಮೊದಲ ನಡೆಯಿಂದ ಆರಂಭಿಸಬೇಡಿ. ಓಪನಿಂಗ್‌ನಲ್ಲೇ ಅರ್ಧ ಸಂಜೆ ಕಳೆದುಹೋಗುತ್ತದೆ, ಮತ್ತು ಪ್ರತಿ ಸಲವೂ ಬೇರೆ ಬೇರೆ ಸ್ಥಿತಿ ಬಂದು ಯಾವುದೂ ಗಟ್ಟಿಯಾಗುವುದಿಲ್ಲ. ಕಾಲಾಳುಗಳ ಒಂದೇ ಒಂದು ರಚನೆಯನ್ನು ಆರಿಸಿಕೊಳ್ಳಿ, ಹಲಗೆಯ ಮೇಲೆ ಜೋಡಿಸಿಯೇ ಆಟ ಶುರುಮಾಡಿ. ಫ್ರಾನ್ಸಿನ ಚದುರಂಗ ನಿಪುಣ ಫಿಲಿಡೋರ್ 1749ರಷ್ಟು ಹಿಂದೆಯೇ ಕಾಲಾಳುಗಳು ಚದುರಂಗದ ಪ್ರಾಣವೆಂದು ಹೇಳಿದ್ದು ಇದಕ್ಕೇ. ಉಳಿದ ಕಾಯಿಗಳು ಹಿಂದೆ ಮುಂದೆ ಓಡಾಡಬಲ್ಲವು, ಕಾಲಾಳು ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆಯುವುದಿಲ್ಲ. ಹಾಗಾಗಿ ಯಾವ ಕಡೆ ಆಡಬೇಕೆಂಬುದನ್ನು ಬಹುಮಟ್ಟಿಗೆ ಅವೇ ಹೇಳುತ್ತವೆ.

ನಾನು ಎಲ್ಲರಿಗೂ ಮೊದಲು ಕೊಡುವುದು ಕಾರ್ಲ್ಸ್‌ಬಾದ್ ರಚನೆ. ಕ್ವೀನ್ಸ್ ಗ್ಯಾಂಬಿಟ್ ಎಂಬ ಓಪನಿಂಗ್‌ನಲ್ಲಿ ಬಿಳಿ ಸಿ4ರ ಕಾಲಾಳಿನಿಂದ ಡಿ5ರಲ್ಲಿ ಹೊಡೆದು, ಕಪ್ಪು ಇ6ರ ಕಾಲಾಳಿನಿಂದ ತಿರುಗಿ ಹೊಡೆದಾಗ ಬರುವುದು ಇದು. (ಅಕ್ಷರವೆಂದರೆ ಬಿಳಿಯ ಎಡದಿಂದ ಎ, ಬಿ, ಸಿ ಎಂದು ಎಚ್ ವರೆಗಿನ ಉದ್ದ ಸಾಲು, ಅದೇ ಫೈಲ್; ಅಂಕಿಯೆಂದರೆ ಬಿಳಿಯ ಕಡೆಯಿಂದ 1ರಿಂದ 8ರವರೆಗಿನ ಅಡ್ಡ ಸಾಲು.) ಜೋಡಿಸಿಕೊಳ್ಳಲು ಬೇಕಾದ ಸ್ಥಿತಿ ಹೀಗಿದೆ. ಬಿಳಿ: ರಾಜ ಜಿ1, ಮಂತ್ರಿ ಸಿ2, ಆನೆಗಳು ಎ1 ಮತ್ತು ಎಫ್1, ಒಂಟೆಗಳು ಡಿ3 ಮತ್ತು ಜಿ5, ಕುದುರೆಗಳು ಸಿ3 ಮತ್ತು ಎಫ್3, ಕಾಲಾಳುಗಳು ಎ2, ಬಿ2, ಡಿ4, ಇ3, ಎಫ್2, ಜಿ2, ಎಚ್2. ಕಪ್ಪು: ರಾಜ ಜಿ8, ಮಂತ್ರಿ ಡಿ8, ಆನೆಗಳು ಎ8 ಮತ್ತು ಇ8, ಒಂಟೆಗಳು ಸಿ8 ಮತ್ತು ಇ7, ಕುದುರೆಗಳು ಎಫ್6 ಮತ್ತು ಎಫ್8, ಕಾಲಾಳುಗಳು ಎ7, ಬಿ7, ಸಿ6, ಡಿ5, ಎಫ್7, ಜಿ7, ಎಚ್7. ಈಗ ಬಿಳಿಯ ನಡೆ.

ಇದೇ ಸ್ಥಿತಿಯನ್ನು ಇತ್ತೀಚೆಗೆ ನನ್ನ ಅಕ್ಕನ ಮಗನ ಮುಂದಿಟ್ಟೆ. ಪಿಯುಸಿ ಓದುತ್ತಿರುವ ಹುಡುಗ, ನಿಮ್ಮಷ್ಟೇ ರೇಟಿಂಗ್ ಇರುವವನು. ಬಿಳಿ ಕಾಯಿ ಅವನದು.

“ಮಂತ್ರಿ ಮತ್ತು ಒಂಟೆ ಎರಡೂ ಎಚ್7 ಕಡೆ ನೋಡುತ್ತಿವೆ ಮಾಮ, ರಾಜನ ಮೇಲೆಯೇ ದಾಳಿ ಮಾಡುತ್ತೇನೆ” ಎಂದ.

“ಎಚ್7 ಅನ್ನು ಕಾಯುತ್ತಿರುವವರು ಯಾರು ಯಾರು?”

ಬೆರಳಿಟ್ಟು ಎಣಿಸಿದ. ರಾಜ, ಎಫ್6ರ ಕುದುರೆ, ಎಫ್8ರ ಕುದುರೆ. ದಾಳಿಗೆ ಎರಡು, ಕಾವಲಿಗೆ ಮೂರು. ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, “ಮಂತ್ರಿ ಇರುವ ಬದಿಯಲ್ಲಿ ಕಾಲಾಳುಗಳನ್ನು ಎಣಿಸು” ಎಂದೆ.

“ನನಗೆ ಎರಡು, ಕಪ್ಪಿಗೆ ಮೂರು. ಅಲ್ಲಿ ನಾನೇ ಕಡಿಮೆ. ಅಲ್ಲಿಗೆ ಏಕೆ ಹೋಗಲಿ?”

ಬಹಳ ಒಳ್ಳೆಯ ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. “ನಿನ್ನ ಬಿ ಕಾಲಾಳು ಹೇಗೋ ಬಿ5ಕ್ಕೆ ಬಂದು ನಿಂತಿದೆ ಎಂದುಕೋ. ಈಗ ಕಪ್ಪಿನ ಪರವಾಗಿ ನೀನೇ ಆಡು” ಎಂದೆ. ಹುಡುಗ ಒಂದೊಂದನ್ನೇ ಕಾಯಿ ಸರಿಸಿ ನೋಡಿದ. ಕಪ್ಪು ಸಿ6ರಿಂದ ಬಿ5ರ ಕಾಲಾಳನ್ನು ಹೊಡೆದರೆ ಡಿ5ಕ್ಕೆ ಬೆಂಬಲವಾಗಿದ್ದ ಕಾಲಾಳು ಹೊರಟುಹೋಗಿ ಅದು ಒಂಟಿಯಾಗುತ್ತದೆ. ಸಿ6ರಿಂದ ಸಿ5ಕ್ಕೆ ತಳ್ಳಿದರೆ ಬಿಳಿಯ ಡಿ4 ಕಾಲಾಳು ಅದನ್ನು ಹೊಡೆಯುತ್ತದೆ, ಆಗಲೂ ಡಿ5 ಒಂಟಿ. ಸುಮ್ಮನಿದ್ದರೆ ಬಿಳಿ ಸಿ6ರಲ್ಲಿ ಹೊಡೆಯುತ್ತದೆ, ಕಪ್ಪು ಬಿ7ರಿಂದ ತಿರುಗಿ ಹೊಡೆಯುತ್ತದೆ, ಆಮೇಲೆ ಸಿ6ರ ಕಾಲಾಳನ್ನು ಕಾಯಲು ಪಕ್ಕದಲ್ಲಿ ಬೇರೆ ಕಾಲಾಳೇ ಇಲ್ಲ. ಅದರ ಎದುರಿಗೆ ಸಿ ಫೈಲ್ ತೆರೆದುಕೊಂಡು ಬಿಳಿಯ ಆನೆಗಳಿಗೆ ಹೆದ್ದಾರಿಯಾಗುತ್ತದೆ.

“ಕಪ್ಪು ಏನೇ ಮಾಡಿದರೂ ಒಂದು ಕಾಲಾಳು ಬಡವಾಗುತ್ತದೆ” ಎಂದ. ಅವನ ಕಣ್ಣಿನಲ್ಲಿ ಆಗ ಕಂಡ ಹೊಳಪಿಗಾಗಿಯೇ ನಾನು ಕಲಿಸುವುದು.

ಇದಕ್ಕೆ ಮೈನಾರಿಟಿ ಅಟ್ಯಾಕ್ ಎನ್ನುತ್ತಾರೆ, ಕಡಿಮೆ ಕಾಲಾಳುಗಳಿರುವ ಕಡೆಯಿಂದಲೇ ಮಾಡುವ ದಾಳಿ. ಹೆಸರನ್ನು ನಾನು ಹೇಳಿದ್ದು ಅವನೇ ಕಂಡುಕೊಂಡ ಮೇಲೆ. ಮೊದಲೇ ಹೇಳಿದ್ದರೆ ಅವನು ಹೆಸರನ್ನು ನೆನಪಿಟ್ಟುಕೊಳ್ಳುತ್ತಿದ್ದ, ಕಾರಣವನ್ನಲ್ಲ. ಮುಂದಿನ ನಡೆಯನ್ನೂ ಅವನೇ ಹುಡುಕಿದ: ಕಪ್ಪಿನ ಇ7 ಒಂಟೆಯ ಕಣ್ಣು ಬಿ4 ಮನೆಯ ಮೇಲಿದೆ, ಆದ್ದರಿಂದ ಬಿ ಕಾಲಾಳನ್ನು ತಳ್ಳುವ ಮೊದಲು ಎ1ರ ಆನೆ ಬಿ1ಕ್ಕೆ ಬಂದು ಅದರ ಬೆನ್ನಿಗೆ ನಿಲ್ಲಬೇಕು. ನಿಜವಾದ ದೊಡ್ಡ ಆಟಗಾರರೂ ಈ ಸ್ಥಿತಿಯಲ್ಲಿ ಹೆಚ್ಚಾಗಿ ಆಡುವ ನಡೆ ಅದೇ. ಕಪ್ಪು ಎ5 ಎಂದು ತಡೆದರೆ ಬಿಳಿ ಎ3 ಎಂದು ಸಿದ್ಧವಾಗುತ್ತದೆ, ಹೀಗೆ ಮುಂದುವರಿಯುತ್ತದೆ.

ನಿಮ್ಮ ಸಹೋದ್ಯೋಗಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಎದುರಿನವನಿಗೆ ಈಗ ಏನು ಬೇಕಾಗಿದೆ? ನಿಮ್ಮ ಕಾಯಿಗಳಲ್ಲಿ ಕೆಲಸವಿಲ್ಲದೆ ಕುಳಿತಿರುವುದು ಯಾವುದು? ಯಾವ ಕಾಲಾಳು ಮುಂದೆ ಹೋದರೆ ಆಟದ ಚಹರೆಯೇ ಬದಲಾಗುತ್ತದೆ? ಇವೇ ಮೂರನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಕೇಳಿದರೆ ಸಾಕು. ಮೊದಲನೆಯದು ಎಲ್ಲಕ್ಕಿಂತ ಕಷ್ಟದ್ದು. ಈ ಮಟ್ಟದ ಆಟಗಾರರಲ್ಲಿ ಬಹುತೇಕರು ತಮ್ಮ ಯೋಜನೆಯಲ್ಲೇ ಮುಳುಗಿ ಹಲಗೆಯ ಇನ್ನೊಂದು ಪಕ್ಕದಲ್ಲೂ ಯೋಚಿಸುವವನಿದ್ದಾನೆ ಎಂಬುದನ್ನೇ ಮರೆಯುತ್ತಾರೆ.

ಕಾಯಿಗಳ ವಿನಿಮಯ ಬಂದಾಗಲೆಲ್ಲ ಆಟವನ್ನು ನಿಲ್ಲಿಸಿ, ಸ್ವಲ್ಪ ದೀರ್ಘವಾಗಿಯೇ ಮಾತನಾಡಿ. ಯೋಜನೆಯೆಂಬುದು ಹೆಚ್ಚಾಗಿ ಸೋರಿಹೋಗುವುದು ಇಲ್ಲಿಯೇ. ‘ಒಂಟೆಗೆ ಒಂಟೆ, ಸಮ ಆಯಿತು’ ಎಂಬ ಲೆಕ್ಕ ಬೆಲೆಗೆ ಸರಿ, ಸ್ಥಿತಿಗೆ ಸರಿಯಲ್ಲ. ಮೇಲಿನ ಸ್ಥಿತಿಯನ್ನೇ ನೋಡಿ. ಜಿ5ರ ಒಂಟೆಯನ್ನು ಇ7ರ ಒಂಟೆಗೆ ಕೊಟ್ಟರೆ ಬಿಳಿಗೆ ಲಾಭವಿದೆ, ಸಿ5 ಮನೆಯ ಮುಖ್ಯ ಕಾವಲುಗಾರ ಹೋಗುತ್ತಾನೆ, ಮುಂದೆ ಬಿಳಿಯ ಕುದುರೆ ಎ4 ಮೂಲಕ ಅಲ್ಲಿಗೆ ಬಂದು ಕೂರಬಹುದು. ಅದೇ ಡಿ3ರ ಒಂಟೆಯನ್ನು ಸಿ8ರ ಒಂಟೆಗೆ ಕೊಟ್ಟರೆ ಕಪ್ಪಿಗೆ ಉಪಕಾರ ಮಾಡಿದಂತೆ, ಏಕೆಂದರೆ ಕಪ್ಪಿನ ಆ ಒಂಟೆ ತನ್ನದೇ ಸಿ6, ಡಿ5 ಕಾಲಾಳುಗಳ ಬಣ್ಣದ ಮನೆಗಳಲ್ಲಿ ಓಡಾಡುವಂಥದ್ದು, ಅವೇ ಅದಕ್ಕೆ ಅಡ್ಡ. ಎರಡೂ ಒಂಟೆಗೆ ಒಂಟೆಯೇ, ಫಲ ಮಾತ್ರ ತದ್ವಿರುದ್ಧ. ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲೂ ಇದೇ ವಿಷಯ ಎಲ್ಲವನ್ನೂ ನಿರ್ಧರಿಸಿದ್ದನ್ನು ನಾವೆಲ್ಲ ನೋಡಿದ್ದೇವೆ: 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿರುದ್ಧ ಹದಿನಾಲ್ಕನೇ ಆಟದಲ್ಲಿ, ಡ್ರಾ ಕಡೆಗೆ ಸಾಗುತ್ತಿದ್ದ ಸ್ಥಿತಿಯಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ 55ನೇ ನಡೆಯಾಗಿ ಆನೆಯನ್ನು ಎಫ್2ಕ್ಕೆ ತಂದು ವಿನಿಮಯಕ್ಕೆ ಒಡ್ಡಿದರು. ಆನೆಗಳು ಹೋದವು, ಬೆನ್ನಿಗೇ ಮೂಲೆಯಲ್ಲಿದ್ದ ಅವರ ಒಂಟೆಗೂ ವಿನಿಮಯ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಉಳಿದ ರಾಜ-ಕಾಲಾಳುಗಳ ಆಟದಲ್ಲಿ ಒಂದು ಕಾಲಾಳು ಹೆಚ್ಚಿದ್ದ ಗುಕೇಶ್ ಗೆದ್ದು, 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಆ ಸ್ಥಿತಿಯನ್ನು ಹಲಗೆಯ ಮೇಲಿಟ್ಟು, ‘ಈ ವಿನಿಮಯದ ನಂತರ ಉಳಿಯುವುದು ಏನು?’ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ನನ್ನದು ಖಚಿತ ಅಭಿಪ್ರಾಯ. ಕಾಯಿಯನ್ನು ಪುಕ್ಕಟೆ ಕಳೆದುಕೊಂಡರೆ ತೆಗೆದುಕೊಳ್ಳಿ, ನಾಚಿಕೆ ಬೇಡ. ಆ ಸಂಜೆಯ ಪಾಠ ಅದಲ್ಲ, ಆಟ ಅಲ್ಲಿಗೇ ಮುಗಿದುಹೋದರೆ ಪಾಠವೇ ಇಲ್ಲ. ಆದರೆ ಯೋಜನೆ ತಪ್ಪಿದ ನಡೆಯನ್ನು ಹಿಂದಕ್ಕೆ ತೆಗೆಯಬೇಡಿ. ಅದರ ಪರಿಣಾಮ ಹತ್ತು ನಡೆಗಳಲ್ಲಿ ನಿಧಾನವಾಗಿ ಬಂದು ಎದುರು ನಿಲ್ಲುವುದನ್ನು ನೀವು ನೋಡಲೇಬೇಕು. ನಿಮ್ಮ ಸಹೋದ್ಯೋಗಿಯೂ ಕನಿಕರಕ್ಕೆ ಬಿದ್ದು ಬೇಕೆಂದೇ ದುರ್ಬಲವಾಗಿ ಆಡಬಾರದು, ಅದು ನಿಮಗೆ ಸುಳ್ಳು ಕಲಿಸುತ್ತದೆ. ಗಡಿಯಾರವನ್ನು ದೂರ ಇಡಿ. ಒಂದೂವರೆ ಗಂಟೆ ಬಿಡುವು ಇರುವ ಸಂಜೆಯನ್ನೇ ಆರಿಸಿಕೊಳ್ಳಿ, ಕೆಲವೇ ನಿಮಿಷಗಳ ಬ್ಲಿಟ್ಜ್ ಆಡುತ್ತಾ ಇದನ್ನು ಮಾಡಲು ಸಾಧ್ಯವೇ ಇಲ್ಲ.

ಆಟ ಮುಗಿದ ಮೇಲೆ ಎಂಜಿನ್ ತೆರೆಯುವ ಆಸೆಯನ್ನು ಒಂದು ದಿನ ತಡೆಯಿರಿ. ಮೊದಲು ನಿಮ್ಮ ಮಾತುಗಳಲ್ಲೇ ಆಟವನ್ನು ಬರೆದಿಡಿ: ಇಲ್ಲಿ ಹೀಗೆಂದುಕೊಂಡೆ, ಎದುರಿನವರು ಹೀಗೆ ಮಾಡುತ್ತಾರೆಂದು ಊಹಿಸಿದೆ, ಇಲ್ಲಿ ಗೊತ್ತಾಗಲಿಲ್ಲ. ವಿಶ್ವ ಚಾಂಪಿಯನ್ನರಾದ ಕಾರ್ಪೋವ್, ಕಾಸ್ಪರೋವ್, ಕ್ರಾಮ್ನಿಕ್ ಮೂವರೂ ಕಲಿತದ್ದು ಅವರಿಗಿಂತ ಹಿಂದಿನ ಚಾಂಪಿಯನ್ ಬೊಟ್ವಿನ್ನಿಕ್ ಅವರ ಶಾಲೆಯಲ್ಲಿ. ಅಲ್ಲಿ ತಮ್ಮ ಆಟಗಳನ್ನು ತಾವೇ ವಿಶ್ಲೇಷಿಸುವುದಕ್ಕೆ ಬಹಳ ಮಹತ್ವವಿತ್ತು. ಚದುರಂಗದ ಜಾಲತಾಣ ಲಿಚೆಸ್‌ನಲ್ಲಿ ‘ಸ್ಟಡಿ’ ಎಂಬ ಸೌಲಭ್ಯ ಉಚಿತವಾಗಿದೆ, ನಡೆ ನಡೆಗೂ ಟಿಪ್ಪಣಿ ಬರೆಯಬಹುದು, ಸಹೋದ್ಯೋಗಿಯೂ ಅದೇ ಜಾಗದಲ್ಲಿ ತಮ್ಮ ಮಾತು ಸೇರಿಸಬಹುದು. ಕನ್ನಡದಲ್ಲೇ ಬರೆಯಿರಿ. ಯೋಚಿಸಿದ ಭಾಷೆಯಲ್ಲಿ ಬರೆದಾಗ ಎಲ್ಲಿ ಯೋಚಿಸಿಯೇ ಇರಲಿಲ್ಲ ಎಂಬುದು ಬೇಗ ಗೊತ್ತಾಗುತ್ತದೆ. ಎಂಜಿನ್ ಆಮೇಲೆ ಬರಲಿ, ನಿಮ್ಮ ಟಿಪ್ಪಣಿಗಳನ್ನು ಪರೀಕ್ಷಿಸಲು ಮಾತ್ರ.

ಮುಂದಿನ ವಾರ ಅದೇ ಸ್ಥಿತಿಯಲ್ಲಿ ಕಪ್ಪು ಕಾಯಿ ಹಿಡಿಯಿರಿ. ಬಿಳಿಯ ಬಿ ಕಾಲಾಳು ಬರುವುದನ್ನು ನೋಡುತ್ತಾ ಕೂರುವುದಲ್ಲ ಕಪ್ಪಿನ ಕೆಲಸ. ಕುದುರೆಯನ್ನು ಇ4ಕ್ಕೆ ತಂದು ರಾಜನ ಬದಿಯಲ್ಲಿ ಆಟ ಕಟ್ಟಬಹುದು, ಇಲ್ಲವೇ ಜಿ6 ಆಡಿ, ಎಫ್8ರ ಕುದುರೆಯನ್ನು ಇ6 ಮೂಲಕ ಜಿ7ಕ್ಕೆ ತಂದು, ಎಫ್5ರಲ್ಲಿ ಆ ಅಡ್ಡಿಯ ಒಂಟೆಯನ್ನು ಬಿಳಿಯ ಒಳ್ಳೆಯ ಒಂಟೆಯೊಂದಿಗೆ ವಿನಿಮಯ ಮಾಡಿಕೊಳ್ಳಬಹುದು. ಯಾವುದು ಏಕೆ ಎಂಬುದನ್ನು ಆಡುವ ಮೊದಲೇ ನಿಮ್ಮ ಸಹೋದ್ಯೋಗಿಗೆ ಹೇಳಿ. ಅವರಿಗೆ ಕಾರ್ಲ್ಸ್‌ಬಾದ್‌ಗಿಂತ ಫ್ರೆಂಚ್ ಡಿಫೆನ್ಸ್ ಎಂಬ ಓಪನಿಂಗ್‌ನ ರಚನೆಯೋ ಒಂಟಿ ಡಿ ಕಾಲಾಳಿನ ರಚನೆಯೋ ಹೆಚ್ಚು ಪರಿಚಿತವಾಗಿದ್ದರೆ ಅದನ್ನೇ ಆರಿಸಲಿ. ಯಾವುದನ್ನೇ ಆರಿಸಿದರೂ ಎರಡೂ ಬಣ್ಣಗಳಲ್ಲಿ ಆಡಿ ಮುಗಿಸುವವರೆಗೆ ಬೇರೆಯದಕ್ಕೆ ಹೋಗಬೇಡಿ.