ಲೋಗೋ ತೆಗೆಯಲು ಬರುವುದಿಲ್ಲ, ಕಲೆಯಾಗದಂತೆ ನೋಡಿಕೊಳ್ಳಬಹುದು

ಟಿವಿ ಪರದೆಯ ಮೂಲೆಯ ಚಾನೆಲ್ ಲೋಗೋವನ್ನು ಸೆಟ್ಟಿಂಗಿನಲ್ಲಿ ತೆಗೆಯಬಹುದೇ, ಚಾನೆಲ್ ಬದಲಿಸಿದರೂ ಅದರ ನೆರಳು ಉಳಿಯುತ್ತಿದೆಯಲ್ಲ ಎಂದು ಶಿರಸಿಯಿಂದ ಕೇಳಿದ್ದೀರಿ.

ತೆಗೆಯಲು ಬರುವುದಿಲ್ಲ. ಪ್ರಸಾರಕ್ಕೆ ಮೊದಲೇ ಚಾನೆಲ್‌ನವರು ಅದನ್ನು ಚಿತ್ರದೊಳಗೆ ಸೇರಿಸಿಬಿಡುತ್ತಾರೆ. ನಮ್ಮ ಸೆಟ್‌ಟಾಪ್ ಬಾಕ್ಸಿಗೆ ಅದೂ ಚಿತ್ರವೇ. ಕುಮಟಾದ ನಮ್ಮ ಮನೆಯಲ್ಲಿ ಯಕ್ಷಗಾನ ನೋಡುವಾಗ ಜೂಮ್ ಮಾಡಿ ನೋಡಿದೆ. ಲೋಗೋ ಅರ್ಧ ಉಳಿಯಿತು, ಗೆಜ್ಜೆಕಾಲು ಪೂರ್ತಿ ಹೋಯಿತು. ಕಾಲೇ ಕಾಣದಿದ್ದರೆ ನಮ್ಮ ಬಡಗುತಿಟ್ಟು ಶೈಲಿಯ ಯಕ್ಷಗಾನದ ಕುಣಿತ ನೋಡುವುದು ಹೇಗೆ ಮಾರಾಯ್ರೆ! ವೇಷಧಾರಿಯ ತಲೆಯ ಕೇದಗೆ ಮುಂದಲೆಯ ಮೇಲೆ ಆ ಬಿಳಿ ಗುರುತು ಬಂದು ಕೂತಾಗ ನನಗೂ ಸಂಕಟವಾಗುತ್ತದೆ. ಕದ್ದು ಬೇರೆ ಕಡೆ ಹಾಕಿದರೆ ಗುರುತು ಹಿಡಿಯಲು ಲೋಗೋ ಬೇಕು, ಒಪ್ಪುತ್ತೇನೆ. ಅಷ್ಟು ದೊಡ್ಡದಾಗಿ, ಅಷ್ಟು ಬೆಳ್ಳಗೆ ಬೇಡ.

ನೆರಳಿನ ವಿಷಯ ಮಾತ್ರ ಹಗುರಾಗಿ ತಗೊಳ್ಳಬೇಡಿ. ಪೆನ್‌ಡ್ರೈವ್‌ನಲ್ಲಿ ಬರೀ ಬೂದು ಬಣ್ಣದ ಫೋಟೋ ಹಾಕಿ ನೋಡಿ. ಆಗಲೂ ಕಂಡರೆ ಕಲೆ ಟಿವಿ ಪರದೆಯ ಪ್ಯಾನೆಲ್‌ನಲ್ಲೇ ಇದೆ. ಎಲ್‌ಸಿಡಿಯಾದರೆ ಹೆಚ್ಚಾಗಿ ತಾನಾಗಿ ಮಾಯುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ ಸದಾ ಬೆಳಗುವ ಜಾಗ ಬೇಗ ಸವೆಯುತ್ತದೆ. ಬ್ರೈಟ್‌ನೆಸ್ ಇಳಿಸಿ, ಲೋಗೋ ಬೆಳಕು ತಗ್ಗಿಸುವ ಆಯ್ಕೆ, ಚಿತ್ರವನ್ನು ಆಗಾಗ ಚೂರು ಸರಿಸುವ ಪಿಕ್ಸೆಲ್ ಶಿಫ್ಟ್ ಇದ್ದರೆ ಹಾಕಿಡಿ.

ಸಿಡಿಲಿನ ಹೆದರಿಕೆಗೆ ನಮ್ಮ ಕಡೆ ಟಿವಿ ಆರಿಸಿದ ಕೂಡಲೇ ಪ್ಲಗ್ ಕೀಳುತ್ತೇವಲ್ಲ, ಓಎಲ್‌ಇಡಿ ತನ್ನನ್ನು ಸರಿಪಡಿಸಿಕೊಳ್ಳುವುದು ರಿಮೋಟ್‌ನಲ್ಲಿ ಆರಿಸಿದ ಮೇಲೆಯೇ. ಗುಡುಗಿಲ್ಲದ ದಿನ ರಾತ್ರಿ ಪ್ಲಗ್ ಕೀಳದೆ ಸ್ವಿಚ್ ಹಾಕಿಯೇ ಇರಲಿ.