ಜೂರಿ ಮೊದಲು ನೋಡೋದು ಫೋಟೊ, ಚಿತ್ರ ಆಮೇಲೆ

ಮೇಡಂ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ಫೋನಿನಲ್ಲಿ ಉದ್ದ ಬರೆಯೋಕೆ ಬೇಜಾರು ಅಂತ ಇವತ್ತು ಕೂತು ಬರೆಯುತ್ತಿದ್ದೇನೆ. ಹೋದ ವರ್ಷ ರಾಜ್ಯಮಟ್ಟದ ಪ್ರದರ್ಶನಕ್ಕೆ ಮೂರು ಜಲವರ್ಣ ಕಳಿಸಿದ್ದಿರಿ, ಮೂರೂ ಆಯ್ಕೆ ಆಗಲಿಲ್ಲ. ಈ ಸಲ ದೊಡ್ಡ ಸೈಜಿನಲ್ಲಿ ಬರೆಯಬೇಕಾ, ಜೂರಿಗೆ, ಅಂದರೆ ಚಿತ್ರ ಆರಿಸುವ ತೀರ್ಪುಗಾರರಿಗೆ, ಎಂಥದ್ದು ಇಷ್ಟ, ಪರಿಚಯ ಇಲ್ಲದವರಿಗೆ ಬಹುಮಾನ ಬರುತ್ತಾ ಅಂತ ಕೇಳಿದ್ದೀರಿ.

ನಾನು ಬೇರೆ ಬೇರೆ ಪ್ರದರ್ಶನಗಳಿಗೆ ಏಳು ಸಲ ಕಳಿಸಿದ್ದೇನೆ. ಎರಡು ಸಲ ಆಯ್ಕೆ ಆಗಿದೆ. ಬಹುಮಾನ ಒಂದೂ ಇಲ್ಲ. ಬಹುಮಾನ ಬಾರದವನ ಮಾತು ಅಂತಲೇ ಓದಿಕೊಳ್ಳಿ. ಆದರೆ ಒಂದು ವರ್ಷ ಆಯ್ಕೆಯ ದಿನ ಚಿತ್ರ ಎತ್ತಿ ಹಿಡಿಯುವ ಕೆಲಸಕ್ಕೆ ಹೋಗಿದ್ದೆ. ಏಳು ಸಲ ಕಳಿಸಿ ಕಲಿತದ್ದಕ್ಕಿಂತ ಆ ಒಂದು ದಿನ ಕಲಿತದ್ದೇ ಜಾಸ್ತಿ.

ಬೆಳಿಗ್ಗೆ ಪರದೆ ಮೇಲೆ ಫೋಟೊ ಸುತ್ತು, ಮೂಲ ಚಿತ್ರ ನೋಡುವ ಸುತ್ತು ಆಮೇಲೆ. ತೀರ್ಪುಗಾರರು ಐದು ಜನ. ಒಂದು ಫೋಟೊ ಬರುತ್ತೆ, ಯಾರೋ ಕೈ ಎತ್ತುತ್ತಾರೆ, ಇಲ್ಲ ಅಂದರೆ ಮುಂದಿನದು. ಅವರಿಗೆ ಅಸಡ್ಡೆ ಅಂತ ಅಲ್ಲ. ನಾನೂರು ಚಿತ್ರಕ್ಕೆ ಹತ್ತು ಹತ್ತು ಸೆಕೆಂಡು ಕೊಟ್ಟರೂ ಒಂದು ಗಂಟೆ ದಾಟುತ್ತೆ, ಅದೂ ಮಧ್ಯೆ ಮಾತಿಲ್ಲದೆ. ಒಂದು ಚಿತ್ರದಲ್ಲಿ ಗಾಜಿನೊಳಗೆ ಟ್ಯೂಬ್‌ಲೈಟ್ ಉದ್ದಕ್ಕೆ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಫೋಟೊ ತೆಗೆದವರ ನೆರಳೇ ಬಿದ್ದಿತ್ತು. ಒಬ್ಬರು ಚಿತ್ರವನ್ನು ಸೋಫಾ ಮೇಲೆ ಒರಗಿಸಿ ತೆಗೆದಿದ್ದರು, ದಿಂಬೂ ಕಾಣುತ್ತಿತ್ತು. ಆ ಚಿತ್ರಗಳು ಚೆನ್ನಾಗಿದ್ದವೋ ಇಲ್ಲವೋ ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಾಗಲೇ ಇಲ್ಲ.

ನಿಮ್ಮ ಹಂಚಿನ ಮನೆ ಚಿತ್ರ ಗುಂಪಿನಲ್ಲಿ ಹಾಕಿದ್ದಿರಲ್ಲ, ಅದರ ಫೋಟೊ ಹಾಗೇ ಇದೆ. ಬಲಗಡೆ ಕಿಟಕಿ ಬೆಳಕು ಬಿದ್ದು ಆಕಾಶದ ತೆಳು ಬಣ್ಣ ಪೂರ್ತಿ ಬಿಳಿಯಾಗಿದೆ. ಅದೇ ಫೋಟೊ ಅರ್ಜಿಗೂ ಹಾಕಿದ್ದರೆ, ವಾಪಸ್ ಬಂದದ್ದಕ್ಕೆ ಬೇರೆ ಕಾರಣ ಹುಡುಕೋದು ಬೇಡ.

ಫೋಟೊ ಹೀಗೆ ತೆಗೆಯಿರಿ. ಫ್ರೇಮ್ ಹಾಕಿಸುವ ಮೊದಲೇ ತೆಗೆಯಬೇಕು. ಈಗಾಗಲೇ ಹಾಕಿಸಿದ್ದರೆ ಗಾಜು ಬಿಚ್ಚಿಸಿ. ಬೆಳಿಗ್ಗೆ ಹತ್ತರ ಸುಮಾರಿಗೆ ಜಗಲಿಯಲ್ಲೋ ಅಂಗಳದ ನೆರಳಲ್ಲೋ, ನೇರ ಬಿಸಿಲು ಬೀಳದ ಕಡೆ, ಚಿತ್ರವನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ. ಹಸಿರು, ನೀಲಿ ಗೋಡೆ ಬೇಡ, ಅದರ ಬಣ್ಣ ಕಾಗದಕ್ಕೆ ಹೊಡೆಯುತ್ತೆ. ಫೋನು ಚಿತ್ರದ ನಡುಮಧ್ಯದ ಎತ್ತರಕ್ಕೇ ಇರಲಿ. ಎರಡು ಹೆಜ್ಜೆ ಹಿಂದೆ ನಿಂತು ಸ್ವಲ್ಪ ಜೂಮ್ ಮಾಡಿ, ಹತ್ತಿರದಿಂದ ತೆಗೆದರೆ ಅಂಚು ಬಾಗುತ್ತೆ. ಫ್ಲ್ಯಾಶ್, ಫಿಲ್ಟರ್ ಎರಡೂ ಬೇಡ. ಅಂಚಿಗೆ ಸರಿಯಾಗಿ ಕತ್ತರಿಸಿ. ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಬಂದು ಹೋದ ಫೈಲ್ ಹಾಕಬೇಡಿ, ಅದು ಕುಗ್ಗಿರುತ್ತೆ. ಫೋನಿನಲ್ಲಿರುವ ಮೂಲ ಫೈಲೇ ಹಾಕಿ.

ಸೈಜಿನ ಬಗ್ಗೆ. ಆ ಪರದೆ ಮೇಲೆ ಐದಡಿ ಕ್ಯಾನ್ವಾಸೂ ನಿಮ್ಮ ಒಂದಡಿ ಕಾಗದವೂ ಒಂದೇ ಅಳತೆ ಕಾಣುತ್ತೆ. ಹಾಗಾಗಿ ಸುಮ್ನೆ ದೊಡ್ಡದು ಮಾಡೋದರಿಂದ ಆಯ್ಕೆಗೆ ಲಾಭ ಇಲ್ಲ. ಮೂಲ ಕೃತಿ ನೋಡುವ ಸುತ್ತಿನಲ್ಲಿ ಮಾತ್ರ ಪಕ್ಕದ ದೊಡ್ಡ ಅಕ್ರಿಲಿಕ್ ಬಣ್ಣದ ಚಿತ್ರದ ಮುಂದೆ ಜಲವರ್ಣ ಸ್ವಲ್ಪ ಮಂಕಾಗುತ್ತೆ, ನಿಜ. ಅದಕ್ಕೆ ಉಪಾಯ ಅಗಲ ಮೌಂಟ್, ಅಂದರೆ ಫ್ರೇಮಿನೊಳಗೆ ಚಿತ್ರದ ಸುತ್ತ ಹಾಕುವ ರಟ್ಟಿನ ಅಂಚು. ಸುತ್ತಲೂ ಮೂರು ಇಂಚು ಬಿಳಿ ಬಿಟ್ಟರೆ ಸಣ್ಣ ಚಿತ್ರಕ್ಕೂ ಉಸಿರಾಡಲು ಜಾಗ ಸಿಗುತ್ತೆ. ಚಿನ್ನದ ಬಣ್ಣದ ಕೆತ್ತನೆ ಫ್ರೇಮ್ ದಯವಿಟ್ಟು ಬೇಡ. ಅದು ದೇವರ ಪಟಕ್ಕೆ ಚೆಂದ.

ಜೂರಿಗೆ ಎಂಥದ್ದು ಇಷ್ಟ ಅನ್ನೋದಕ್ಕೆ ಉತ್ತರ ಇಲ್ಲ, ಯಾಕಂದರೆ ಜೂರಿ ವರ್ಷ ವರ್ಷ ಬದಲಾಗುತ್ತೆ. ಹೆಸರಾಂತ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಕಥೆ ಕೇಳಿದ್ದೀರಾ? 1935ರಲ್ಲಿ ಶಿಮ್ಲಾದ ಫೈನ್ ಆರ್ಟ್ಸ್ ಸೊಸೈಟಿ ಪ್ರದರ್ಶನಕ್ಕೆ ಆಕೆ ಹತ್ತು ಚಿತ್ರ ಕೊಟ್ಟರು. ಐದು ತಿರಸ್ಕಾರ. ಆಯ್ಕೆಯಾದ ಒಂದಕ್ಕೆ ಬಹುಮಾನವನ್ನೂ ಕೊಟ್ಟರು, ಆಕೆ ಸಿಟ್ಟಿನಿಂದ ಅದನ್ನು ವಾಪಸ್ ಕಳಿಸಿದರು. ಅದೇ 1935ರಲ್ಲಿ ಬರೆದ ಮೂವರು ಹುಡುಗಿಯರ ಚಿತ್ರಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಜೂರಿಯನ್ನು ಊಹಿಸಿ ಚಿತ್ರ ಬರೆಯಲು ಹೋದರೆ ನಿಮ್ಮ ಕೈಯೂ ಕೆಡುತ್ತೆ, ಅವರಿಗೂ ಹಿಡಿಸಲ್ಲ. (ಬಹುಮಾನ ವಾಪಸ್ ಮಾಡುವ ಧೈರ್ಯ ನನಗಂತೂ ಇಲ್ಲ. ಮೊದಲು ಬರಲಿ.)

ಆದರೆ ಆ ದಿನ ಕೂತು ನೋಡಿದಾಗ ಒಂದಂತೂ ಕಂಡಿತು. ಮೂರು ಕೃತಿ ಕಳಿಸಬಹುದು ಅಂದರೆ ಜನ ಒಂದು ಭೂದೃಶ್ಯ, ಒಂದು ಗಣಪತಿ, ಒಂದು ಭಾವಚಿತ್ರ ಅಂತ ಕಳಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ಯಾವುದಾದರೂ ಒಂದು ಸಿಕ್ಕಿಬೀಳಲಿ ಅಂತ. ಆದರೆ ಒಂದೇ ವಿಷಯ ಹಿಡಿದು ಮೂರು ಕಡೆಯಿಂದ ನೋಡಿದವರ ಚಿತ್ರ ಬಂದಾಗ ತೀರ್ಪುಗಾರರು ಮುಂದಕ್ಕೆ ಬಾಗಿ ನೋಡಿದರು. ನಿಮ್ಮ ಹತ್ತಿರ ಅಡಿಕೆ ಚಪ್ಪರ, ಕೊಟ್ಟಿಗೆ, ಹಂಚಿನ ಮನೆ ಇವೆ. ಮೂರೂ ಮಳೆಗಾಲದ್ದು. ಅವನ್ನೇ ಒಟ್ಟಿಗೆ ಕಳಿಸಿ, ಗುಲಾಬಿ ಹೂವಿನದು ಬಿಡಿ. ಬೇರೆಯವರು ತೆಗೆದ ಫೋಟೊ ನೋಡಿ ಬರೆದದ್ದು ಇದ್ದರೆ ಅದನ್ನೂ ಬಿಡಿ. ಆಯ್ಕೆ ಆದಮೇಲೆ ಗೊತ್ತಾದರೆ ತೆಗೆದುಹಾಕುತ್ತಾರೆ, ಮುಜುಗರ ಬೇರೆ.

ಪರಿಚಯದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಎಲ್ಲ ಕಡೆ ಎಲ್ಲವೂ ಶುದ್ಧ ಅಂತ ಹೇಳಲಾರೆ. ಶಿಷ್ಯನ ಕೈ ಗುರುವಿಗೆ ಗುರುತು ಸಿಗದೆ ಇರುತ್ತಾ? ಆದರೆ ಐದು ಜನ ಕೂತಿರುವಾಗ ಒಬ್ಬರ ಒತ್ತಾಯ ಜಾಸ್ತಿ ದೂರ ಹೋಗಲ್ಲ. ಚಿತ್ರದ ಮುಂದೆ ಹೆಸರು ಕಾಣಬಾರದು ಅಂತ ನಿಯಮ ಇದ್ದರೆ ಸಹಿಯನ್ನು ಹಿಂದೆ ಹಾಕಿ. ಇಲ್ಲದಿದ್ದರೂ ಸಹಿ ಸಣ್ಣದಿರಲಿ.

ಇನ್ನೊಂದು ಗೊಂದಲ ನಿಮ್ಮ ಪ್ರಶ್ನೆಯಲ್ಲೇ ಇದೆ. ಆಯ್ಕೆ ಬೇರೆ, ಬಹುಮಾನ ಬೇರೆ, ಪ್ರಶಸ್ತಿ ಇನ್ನೂ ಬೇರೆ. ಕರ್ನಾಟಕ ಲಲಿತಕಲಾ ಅಕಾಡೆಮಿಯನ್ನೇ ತೆಗೆದುಕೊಳ್ಳಿ. ಗೌರವ ಪ್ರಶಸ್ತಿ ಕಲಾವಿದರ ಒಟ್ಟು ಸಾಧನೆಗೆ ಕೊಡುವುದು. ವಾರ್ಷಿಕ ಕಲಾ ಪ್ರದರ್ಶನದ ಬಹುಮಾನ ಆ ಸಲ ಕಳಿಸಿದ ಕೃತಿಗೆ. ನಾವು ಅರ್ಜಿ ಹಾಕುವುದು ಎರಡನೆಯದಕ್ಕೆ. ಬೆಂಗಳೂರಿನ ಚಿತ್ರಸಂತೆ ಇದ್ಯಾವುದೂ ಅಲ್ಲ, ಕುಮಾರಕೃಪಾ ರಸ್ತೆಯಲ್ಲಿ ಮಳಿಗೆ ಹಾಕಿ ಮಾರುವ ಜಾಗ ಅದು. ದೆಹಲಿಯ ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರದರ್ಶನ 1955ರಿಂದ ಇದೆ, ಬಾಂಬೆ ಆರ್ಟ್ ಸೊಸೈಟಿ 1888ರದ್ದು. ಇವೆಲ್ಲ ಇಡೀ ದೇಶದ ಪೈಪೋಟಿ. ಮೊದಲು ರಾಜ್ಯದ್ದರಲ್ಲಿ ನಮ್ಮ ಚಿತ್ರ ಗೋಡೆ ಹತ್ತುವುದು ನೋಡೋಣ. ಕ್ಯಾಟಲಾಗಿನಲ್ಲಿ ಹೆಸರು ಬಂದರೆ ಮುಂದಿನ ಅರ್ಜಿಗೆ ಅದೇ ಬಂಡವಾಳ.

ಸುತ್ತೋಲೆಯನ್ನು ಪೆನ್ಸಿಲ್ ಹಿಡಿದು ಓದಿ. ಅಳತೆ ಫ್ರೇಮ್ ಸೇರಿಸಿಯೋ ಬಿಟ್ಟೋ, ಎಷ್ಟು ವರ್ಷದೊಳಗೆ ಬರೆದದ್ದಾಗಿರಬೇಕು, ಮಾರಾಟವಾದರೆ ಅವರ ಪಾಲು ಎಷ್ಟು, ವಾಪಸ್ ತರುವ ಕೊನೇ ದಿನ ಯಾವುದು. ನಾನು ಒಮ್ಮೆ ಸೆಂಟಿಮೀಟರ್ ಕೇಳಿದ ಕಡೆ ಇಂಚು ಬರೆದು ಅಂಚೆಚೀಟಿ ಗಾತ್ರದ ಚಿತ್ರ ಕಳಿಸಿದವನ ಹಾಗೆ ಆಗಿದ್ದೆ.

ಕಳಿಸುವ ವಿಷಯದಲ್ಲಿ ನನ್ನ ಪಾಠ ದುಬಾರಿಯದು. ಆಯ್ಕೆಯಾದ ಮೊದಲ ಚಿತ್ರವನ್ನು ಗಾಜು ಹಾಕಿಸಿ ಪಾರ್ಸೆಲ್ ಮಾಡಿದೆ. ಗಾಜು ಒಡೆದು ಚೂರು ಕಾಗದಕ್ಕೇ ಗೀರಿತ್ತು. ಆಮೇಲಿಂದ ಗಾಜಿನ ಬದಲು ಅಕ್ರಿಲಿಕ್ ಶೀಟ್ (ಗಾಜಿನಂಥ ಪ್ಲಾಸ್ಟಿಕ್) ಮಾತ್ರ. ಗೀರು ಬೀಳುತ್ತೆ ನಿಜ, ಅದರ ಮೇಲಿನ ತೆಳು ಹಾಳೆ ಕೊನೆಯವರೆಗೂ ಕೀಳಬೇಡಿ. ನಾಲ್ಕು ಮೂಲೆಗೆ ರಟ್ಟಿನ ಮಡಿಕೆ, ಮೇಲೆ ಬಬಲ್ ಶೀಟ್, ಎರಡೂ ಕಡೆ ತೆಳು ಪ್ಲೈವುಡ್. ಹಿಂದೆ ಹೆಸರು, ಶೀರ್ಷಿಕೆ, ಫೋನ್ ನಂಬರ್ ಇರುವ ಚೀಟಿ ಅಂಟಿಸಿ. ತೂಗುಹಾಕುವ ಕೊಕ್ಕೆ ನೀವೇ ಹಾಕಿಸಿ, ಅಲ್ಲಿ ಯಾರ ಹತ್ತಿರವೂ ಸುತ್ತಿಗೆ ಇರಲ್ಲ.

ನಿಮ್ಮದು ಮಲೆನಾಡು ಅಲ್ವಾ, ಬೂಷ್ಟಿನ ಕಾಟ ಇದ್ದೇ ಇರುತ್ತೆ. ಮಳೆಗಾಲದಲ್ಲಿ ಫ್ರೇಮ್ ಮಾಡಿಸುವುದಾದರೆ ಕಾಗದ ಪೂರ್ತಿ ಒಣಗಿದೆಯಾ ನೋಡಿ, ಕಾಗದ ಅಕ್ರಿಲಿಕ್‌ಗೆ ತಾಗದ ಹಾಗೆ ಮೌಂಟ್ ಇರಲಿ. ಸೆಲ್ಲೋಟೇಪಿನಲ್ಲಿ ಅಂಟಿಸಲು ಬಿಡಬೇಡಿ, ಹಳದಿ ಕಲೆ ಬಿಡುತ್ತೆ.

ಈ ಭಾನುವಾರ ಬಿಸಿಲಿದ್ದರೆ ಮೂರೂ ಚಿತ್ರದ ಫೋಟೊ ಮತ್ತೆ ತೆಗೆದು ಇಲ್ಲಿ ಹಾಕಿ. ಹಂಚಿನ ಮನೆಯದನ್ನು ಗಾಜು ತೆಗೆದು. ಆ ಆಕಾಶ ನಿಜವಾಗಿ ಹೇಗಿದೆ ಅಂತ ನನಗೂ ನೋಡಬೇಕಿದೆ.