ಚೀನಾದಲ್ಲಿ ಹವ್ಯಾಸಿ ಗೋ (ಕಪ್ಪು-ಬಿಳಿ ಕಾಯಿಗಳ ಹಲಗೆಯಾಟ) ಆಟಗಾರರ ದರ್ಜೆ ಹೇಗೆ ನಿರ್ಧಾರವಾಗುತ್ತದೆ? 5 ಡಾನ್ (ಡಾನ್ ಎಂದರೆ ಪಳಗಿದವರ ದರ್ಜೆ, ಸಂಖ್ಯೆ ಏರಿದಷ್ಟೂ ಮೇಲು) ಅಂದರೆ ವೃತ್ತಿಪರರ ಮಟ್ಟವೇ?

ಅಲ್ಲ. ಹವ್ಯಾಸಿ ಡಾನ್ ಮತ್ತು ವೃತ್ತಿಪರ ಡಾನ್ ಎರಡು ಬೇರೆ ಏಣಿಗಳು. ಹೊಸದಾಗಿ ವೃತ್ತಿಪರ 1 ಡಾನ್ ಆದವರು ಕೂಡ ಸಾಮಾನ್ಯ ಹವ್ಯಾಸಿ 5 ಡಾನ್‌ಗಿಂತ ಬಹಳ ಬಲಶಾಲಿಗಳು.

ಕಲಿಯುವವರು ಕ್ಯೂ ದರ್ಜೆಯಿಂದ ಶುರು ಮಾಡುತ್ತಾರೆ. ಅಲ್ಲಿ ಸಂಖ್ಯೆ ಇಳಿದಷ್ಟೂ ಆಟ ಗಟ್ಟಿ. 1 ಕ್ಯೂ ದಾಟಿದರೆ 1 ಡಾನ್. ಅಲ್ಲಿಂದ 5 ಡಾನ್‌ವರೆಗೆ ದರ್ಜೆ ಏರಿಸುವ ಪಂದ್ಯಾವಳಿಗಳಲ್ಲಿ ಆಡಬೇಕು. ಸಾಮಾನ್ಯವಾಗಿ ಸ್ವಿಸ್ ಪದ್ಧತಿ: ಸಮಾನ ಅಂಕದವರು ಎದುರಾಗುತ್ತಾರೆ, ನಿಗದಿಪಡಿಸಿದಷ್ಟು ಗೆಲುವು ಅಥವಾ ಸ್ಥಾನ ಸಿಕ್ಕರೆ ಬಡ್ತಿ. ಮೇಲೆ ಹೋದಂತೆ ಬಡ್ತಿ ಸಿಗುವವರ ಪ್ರಮಾಣ ಕಡಿಮೆ. 5 ಡಾನ್‌ಗಾಗಿ ನಡೆಯುವ ಸುತ್ತುಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳೇ ತುಂಬಿರುತ್ತಾರೆ. ಅವರನ್ನು ಹಗುರವಾಗಿ ನೋಡಬೇಡಿ.

6 ಡಾನ್‌ನಿಂದ ಲೆಕ್ಕವೇ ಬೇರೆ. ಅದಕ್ಕೆ ದೊಡ್ಡ ಪಂದ್ಯಾವಳಿಗಳಲ್ಲಿ ಮುಂಚೂಣಿಯ ಸ್ಥಾನ ಬೇಕು. 7 ಡಾನ್ ರಾಷ್ಟ್ರಮಟ್ಟದ ಚಾಂಪಿಯನ್ನರಿಗೆ, 8 ಡಾನ್ ವಿಶ್ವ ಹವ್ಯಾಸಿ ಚಾಂಪಿಯನ್‌ಷಿಪ್ ಗೆದ್ದವರಿಗೆ. ಹು ಯುಚಿಂಗ್ ಅಂಥವರು.

ಒಂದು ತೊಡಕಿದೆ: ಪಡೆದ ಡಾನ್ ಸೋತರೂ ಇಳಿಯುವುದಿಲ್ಲ. ಹಾಗಾಗಿ ಆಟ ಬಿಟ್ಟು ವರ್ಷಗಳಾದ 5 ಡಾನ್‌ಗೂ ದಿನವೂ ಅಭ್ಯಾಸ ಮಾಡುವ 5 ಡಾನ್‌ಗೂ ದೊಡ್ಡ ಅಂತರವಿರಬಹುದು. ಎದುರಾಳಿಯ ಈಗಿನ ಬಲ ತಿಳಿಯಬೇಕಾದರೆ ಪ್ರಮಾಣಪತ್ರಕ್ಕಿಂತ ಇತ್ತೀಚಿನ ಪಂದ್ಯಗಳ ಫಲಿತಾಂಶ ನೋಡಿ.